ಸ್ಟೆಡಿ ಹುಡುಗ

ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಎಳೆದಾಗ ಏಳುವ ವಾಸನೆಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆ ಮಧ್ಯಾಹ್ನ ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಗಲ್ಲಿಯ ಟೈಲರ್ ಅಂಗಡಿಯ ತುಂಬ ಅದೇ ವಾಸನೆ. ಅಕ್ಕನ ನಿಶ್ಚಿತಾರ್ಥದ ರವಿಕೆಗೆ ಅಳತೆ ಕೊಡಲು ಹೋಗಿದ್ದೆವು. ಅವಳಿಗೆ ಡಿಗ್ರಿ ಮುಗಿಸಬೇಕಿತ್ತು. ಹುಡುಗನ ಮನೆಯವರು ಓದಿದ್ದು ಸಾಕು ಅಂದಿದ್ದರು.

"ಹುಡುಗ ಸ್ಟೆಡಿ ಕಣೇ. ಕುಡಿಯಲ್ಲ, ಕೆಲಸ ಬದಲಾಯಿಸಲ್ಲ. ಇನ್ನೇನ್ ಬೇಕು ನಿಂಗೆ?" ಅಂದಳು ಅಮ್ಮ.

"ಸ್ಟೆಡಿ ಅಂದ್ರೆ ಏನಮ್ಮಾ?" ಎಂದು ನಾನು ಕೇಳಿದೆ.

"ಅಲ್ಲಾಡದೆ ಇರೋದು. ಬಾಯ್ಮುಚ್ಚು."

"ಓದೇ ಓದ್ತೀನಿ ಅಂತ ಅಕ್ಕ ಒಂದೇ ಮಾತಿಗೆ ನಿಂತಿದಾಳಲ್ಲ, ಅದು ಸ್ಟೆಡಿ ಅಲ್ವಾ?"

"ಅದು ಹಟ."

ಯಾವ ನ್ಯಾಯದಲ್ಲಿ ಅದು ಹಟವಾಯಿತೆಂದು ಇವತ್ತಿನವರೆಗೆ ಯಾರೂ ನನಗೆ ಹೇಳಿಲ್ಲ.

ಅಕ್ಕ ಬಿಕ್ಕುತ್ತಿದ್ದಳು. ಭುಜ ಅದುರಿ ಟೇಪು ಮತ್ತೆ ಮತ್ತೆ ಜಾರುತ್ತಿತ್ತು. "ಸ್ವಲ್ಪ ಸ್ಟೆಡಿಯಾಗಿ ನಿಂತ್ಕೋ ಬೇಟಾ," ಎಂದು ಟೈಲರ್ ಮೆತ್ತಗೆ ಹೇಳಿದರು. ಅವಳಿಂದ ಆಗಲಿಲ್ಲ.

ಅಮ್ಮ ಚೀಲಕ್ಕೆ ಕೈಹಾಕಿ, ಅಕ್ಕನ ಹಳೆಯ ರವಿಕೆಯೊಂದನ್ನು ತೆಗೆದು ಮೇಜಿನ ಮೇಲೆಸೆದಳು.

"ಇದರ ಅಳತೆಗೇ ಹೊಲಿದ್ಬಿಡಿ ಭಾಯ್. ಅವಳೇನೂ ನಿಲ್ಲೋದ್ ಬೇಡ."