ಸತ್ತವರಿಗೆ ಮಾತ್ರ ಪರವಾನಗಿ

“ಸತ್ತವರೆಲ್ಲ ಎದ್ದು ಬನ್ರಪ್ಪಾ, ಕಾಫಿ ಬಂದೈತೆ!” ಎಂದು ಡ್ರಿಲ್ ಮೇಷ್ಟ್ರು ಕೋದಂಡರಾಮಪ್ಪ ಪಾರ್ಕಿನ ನಡುವೆ ನಿಂತು ಕೂಗಿದರು. ಬಿಳಿ ಪಂಚೆ ಹೊದ್ದು ಹುಲ್ಲಿನ ಮೇಲೆ ಮಲಗಿದ್ದ ಹೆಣಗಳು ಒಂದೊಂದಾಗಿ ಎದ್ದು, ಮೈಗಂಟಿದ ಹುಲ್ಲು ಕೊಡವಿಕೊಂಡು, ಲೋಟ ಹಿಡಿದು ಸಾಲಾಗಿ ನಿಂತವು. ಹೊಂಗೆ ಮರದ ಕೆಳಗಿನ ಒಂದು ಹೆಣ ಮಾತ್ರ ಏಳಲಿಲ್ಲ.

ಈ ಅಭ್ಯಾಸಕ್ಕೆ ಪಾರ್ಕು ಸಿಗುವಷ್ಟರಲ್ಲಿ ಮೇಷ್ಟ್ರಿಗೆ ಸಾಕುಬೇಕಾಗಿತ್ತು. ಹಿಂದಿನ ವರ್ಷ, ಎಪ್ಪತ್ತೆಂಟರ ಬೇಸಿಗೆಯಲ್ಲಿ, ಬೈರಕೂರು ರಸ್ತೆಯಲ್ಲಿ ಬಸ್ಸು ಮಗುಚಿಕೊಂಡಾಗ ಗಾಯಾಳುಗಳನ್ನು ಎತ್ತುವುದು ಹೇಗೆಂದು ಗೊತ್ತಿಲ್ಲದೆ ಜನ ಸುಮ್ಮನೆ ಸುತ್ತ ನಿಂತು ಲೊಚಗುಟ್ಟಿದ್ದರು. ಅದನ್ನು ಕಣ್ಣಾರೆ ಕಂಡ ಮೇಷ್ಟ್ರು ಊರಿನ ಹುಡುಗರನ್ನು ಕಲೆಹಾಕಿ ತುರ್ತು ಸಹಾಯದ ಪಡೆಯೊಂದನ್ನು ಕಟ್ಟಿದ್ದರು. ಆದರೆ ಪಾರ್ಕಿನ ಉಸ್ತುವಾರಿಯ ವೆಂಕಟರಾಯಪ್ಪನವರಿಗೆ ಜನರ ಪ್ರಾಣಕ್ಕಿಂತ ಹುಲ್ಲಿನ ಪ್ರಾಣ ದೊಡ್ಡದು.

“ನಮ್ಮ ಲಾನಿನ ಮೇಲೆ ಯಾರೂ ಮಲಗೋ ಹಂಗಿಲ್ಲ ಕಣ್ರೀ. ಗಾಯ ಆದೋರು ಬೆಂಚಿನ ಮೇಲೆ ಕೂತ್ಕೊಳ್ಳಿ.”

“ಸತ್ತೋರು ಸಾರ್?”

ವೆಂಕಟರಾಯಪ್ಪ ಪೆನ್ನಿನ ತುದಿ ಕಚ್ಚಿಕೊಂಡು ಯೋಚಿಸಿದರು. “ಸತ್ತೋರನ್ನ ಕೂರ್ಸಕ್ಕಾಗಲ್ಲ, ಅದೂ ನಿಜವೇ. ಸರಿ, ಸತ್ತೋರಿಗೆ ಮಾತ್ರ ಪರ್ಮಿಷನ್ ಕೊಡ್ತೀನಿ. ಆದ್ರೆ ಒಬ್ಬರಿಗೂ ಏನೂ ಆಗ್ಬಾರ್ದು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಕೆಲಸ ಹೋಗ್ತದೆ, ಹೇಳಿರ್ತೀನಿ.”

ಮೇಷ್ಟ್ರು ಹೂಂ ಎಂದು ಬರೆದುಕೊಟ್ಟು ಬಂದಿದ್ದರು.

ಪರವಾನಗಿ ಸಿಕ್ಕಿತು, ಸಾಯುವವರು ಸಿಗಲಿಲ್ಲ. ಗಾಯಾಳು ಆಗುವುದಕ್ಕೆ ನೂಕುನುಗ್ಗಲು. ಹೆಣವಾಗಿ ಮಲಗು ಎಂದರೆ ಎಲ್ಲರ ಮುಖವೂ ಹುಳ್ಳಗೆ. “ಮೊನ್ನೆ ತಾನೆ ಹೆಣ್ಣು ನೋಡ್ಕಂಡ್ ಬಂದಿದೀವಿ ಸಾರ್. ಆ ಕಡೆಯೋರು ಕೇಳಿದ್ರೆ ಏನಂತಾರೆ?” ಎಂದು ಮುನಿಶಾಮಿ ಜಾರಿಕೊಂಡ. ಗದರಿಸಿ ಕೆಲವರನ್ನು ಒಪ್ಪಿಸಿದ್ದಾಯಿತು. ಆದರೂ ಹೊಂಗೆಯ ಕೆಳಗಿನ ಜಾಗ ಖಾಲಿ ಉಳಿಯಿತು. ಬೇಲಿಯಾಚೆ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಕದಿರಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಕುಡುಗೋಲು ಕೆಳಗಿಟ್ಟು ಒಳಗೆ ಬಂದಳು.

“ನಾನು ಸಾಯ್ತೀನಿ ಸಾಮಿ. ಎಲ್ಲಿ ಸಾಯ್ಬೇಕು?”

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರಿಗೂ ನಗು ಬಂತು, ಹೊಂಗೆಯ ಕೆಳಗಿನ ಜಾಗ ತೋರಿಸಿ ಹೊದೆಯಲು ಒಂದು ಪಂಚೆ ಕೊಟ್ಟರು. ಜೀವ ಇರುವವರನ್ನು ಮೊದಲು ಸಾಗಿಸಬೇಕು, ಹೆಣಗಳ ಸರದಿ ಕೊನೆಗೆ ಎಂದು ಅವರೇ ಕಲಿಸಿದ್ದರು. ಹಾಗಾಗಿ ಆಮೇಲೆ ಅವಳತ್ತ ಯಾರೂ ತಿರುಗಿಯೂ ನೋಡಲಿಲ್ಲ.

ಈಗ ಅವಳ ಪಾಲಿನ ಕಾಫಿ ಆರುತ್ತಿತ್ತು. “ಏಳಮ್ಮಾ” ಎಂದರು ಮೇಷ್ಟ್ರು. ಸದ್ದಿಲ್ಲ. “ಎಲ್ಲರಿಗಿಂತ ಚೆನ್ನಾಗಿ ಸತ್ತವ್ಳೆ ಸಾರ್” ಎಂದು ಮುನಿಶಾಮಿ ಕಿಸಕ್ಕನೆ ನಕ್ಕ. ಮೇಷ್ಟ್ರು ಬಗ್ಗಿ ಮುಖದ ಮೇಲಿನ ಪಂಚೆ ಸರಿಸಿದರು. ಬಾಯಿ ಅರ್ಧ ತೆರೆದಿತ್ತು. ಇರುವೆಯೊಂದು ಕೆನ್ನೆ ಹತ್ತಿ ಕಣ್ಣಿನ ಅಂಚಿಗೆ ಬಂತು, ರೆಪ್ಪೆ ಅಲುಗಲಿಲ್ಲ. ಕೈ ಎತ್ತಿ ಬಿಟ್ಟರು. ಅದು ದೊಪ್ಪನೆ ನೆಲಕ್ಕೆ ಬಿತ್ತು. ನಾಡಿ ನೋಡಹೋದರೆ ಮಣಿಕಟ್ಟಿನಲ್ಲಿ ಎಲ್ಲಿ ಒತ್ತಬೇಕೆಂಬುದೇ ಗಾಬರಿಯಲ್ಲಿ ಮರೆತುಹೋಗಿತ್ತು.

“ಏನ್ರೋ ನೋಡ್ತಾ ನಿಂತಿದೀರಾ? ಎದೆ ಒತ್ರೋ! ಕಲಿಸಿಲ್ವೇನ್ರೋ ನಾನು?”

“ಹೆಂಗ್ಸು ಸಾರ್...” ಎಂದು ಮುನಿಶಾಮಿ ಹಿಂದೆ ಸರಿದ.

ಉಳಿದವರೂ ಸರಿದರು. ಅವರು ಕಲಿತದ್ದೆಲ್ಲ ಗಂಡಸರನ್ನು ಎತ್ತುವುದು, ಗಂಡಸರಿಗೆ ಪಟ್ಟಿ ಕಟ್ಟುವುದು. ಉಸಿರಿದೆಯೇ ಎಂದು ಹೆಂಗಸಿನ ಮೈಯನ್ನು ದಿಟ್ಟಿಸಿ ನೋಡುವುದಕ್ಕೂ ಅವರಿಗೆ ಸಂಕೋಚ. ಇಡೀ ಪಡೆ ಸುತ್ತ ನಿಂತು ಲೊಚಗುಟ್ಟತೊಡಗಿತು. “ಅಯ್ಯೋ ದೇವುಡಾ, ಪರ್ಮಿಷನ್ ಮೇಲೆ ನನ್ನ ಸೈನು ಐತಲ್ರೀ!” ಎನ್ನುತ್ತ, ಹುಲ್ಲು ಕಾಯಲು ಬಂದಿದ್ದ ವೆಂಕಟರಾಯಪ್ಪ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದು ಕುಳಿತರು.

ಮೇಷ್ಟ್ರಿಗೆ ಕೆಲಸದ ಚಿಂತೆ ಆಗ ನೆನಪಿಗೂ ಬರಲಿಲ್ಲ. ಇವಳ ಮನೆಯವರಿಗೆ ಏನೆಂದು ಹೇಳುವುದು? ಹುಲ್ಲು ಕೊಯ್ಯುತ್ತಿದ್ದವಳನ್ನು ಸಾಯಲು ಮಲಗಿಸಿದೆ, ಸತ್ತಳು ಎನ್ನಬೇಕೆ? ನಾಚಿಕೆ ಸಂಕೋಚ ಎಲ್ಲ ಬಿಟ್ಟು ಅವಳ ಎರಡೂ ಭುಜ ಹಿಡಿದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಅಲುಗಿಸಿದರು.

“ತಾಯೀ! ಎದ್ದೇಳು ತಾಯೀ!”

ಕದಿರಮ್ಮ ದಿಗ್ಗನೆ ಎದ್ದು ಕುಳಿತಳು. “ಸೊಪ್ಪು ಹಾಕ್ತೀನಿ ಅತ್ತೆ! ಇದೋ ಹಾಕ್ದೆ, ಇದೋ...” ಎಂದು ತಡವರಿಸಿ, ಸುತ್ತ ನೆರೆದ ಗಂಡಸರನ್ನು ಕಂಡು ಗಾಬರಿಯಿಂದ ಸೆರಗು ಎಳೆದುಕೊಂಡಳು.

ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಅವಳೇ ಹೇಳಿದಳು: “ತಪ್ಪಾಯ್ತು ಸಾಮಿ, ನಿದ್ದೆ ಬಂದ್ಬಿಡ್ತು. ಮನೇಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದವೆ, ಪೊರೆ ಬಿಟ್ಟು ಹಸ್ಕೊಂಡವೆ. ಹಗಲೂ ರಾತ್ರಿ ಸೊಪ್ಪು ಕೇಳ್ತವೆ. ಹುಳ ಇಲ್ದಿದ್ರೆ ಹಸು, ಹಸು ಇಲ್ದಿದ್ರೆ ಅತ್ತೆ. ಮಲ್ಕಂಡಿದ್ದು ಯಾವಾಗ್ಲೋ, ನಂಗೇ ಗೊತ್ತಿಲ್ಲ.”

ಮೇಷ್ಟ್ರು ಅವಳ ಪಾಲಿನ ಲೋಟ ತಂದು ಅವಳ ಮುಂದಿಟ್ಟರು. ವೆಂಕಟರಾಯಪ್ಪ ಕುಳಿತಲ್ಲಿಂದಲೇ ಬಿಟ್ಟ ಕಣ್ಣು ಬಿಟ್ಟಂತೆಯೇ ಅವಳನ್ನು ನೋಡುತ್ತಿದ್ದರು.

“ಎಲ್ಲಾ ಮುಗೀತಮ್ಮಾ” ಎಂದರು ಮೇಷ್ಟ್ರು. “ಒಂದು ಲೋಟ ಕಾಫಿ ಕುಡಿದು ಮನೆಗೆ ಹೋಗು.”

ಮನೆ ಎಂದದ್ದೇ ತಡ, ಕದಿರಮ್ಮನ ಮುಖ ಸಪ್ಪಗಾಯಿತು. ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಕೇಳಿದಳು:

“ಇನ್ನೊಂದು ಗಳಿಗೆ ಸತ್ತಿರ್ಲಾ ಸಾಮಿ?”