ಅಹಂ ತೆಗೆಸಿಕೊಂಡ ಉಸ್ತಾದ

ಊರಿನ ಅರ್ಧಕ್ಕರ್ಧ ಗಂಡಸರು ಆಸ್ಪತ್ರೆಗೆ ಹೋಗಿ ಅಹಂ ತೆಗೆಸಿಕೊಂಡು ಬಂದಿದ್ದರು. ಹಲ್ಲು ಕೀಳಿಸಿದಷ್ಟೇ ಸುಲಭವಂತೆ. ಮಾತುಮಾತಿಗೂ ಸಿಡುಕುತ್ತಿದ್ದ ಕುಸ್ತಿ ಉಸ್ತಾದ ಚನಬಸಪ್ಪನನ್ನೂ ಹೆಂಡತಿ ಶಾವಂತ್ರೆವ್ವ ಕಾಡಿಬೇಡಿ ಕಳಿಸಿದ್ದಳು. ಈಗ ಏನು ಕೇಳಿದರೂ ಅವನು, "ನಿನಗ ಹೆಂಗ ಬೇಕೋ ಹಂಗ" ಎನ್ನುತ್ತಿದ್ದ. ಜಗಳ ನಿಂತ ಮೇಲೆ ಮನೆಯಲ್ಲಿ ತಾನೊಬ್ಬಳೇ ಇದ್ದೇನೆ ಎನ್ನಿಸತೊಡಗಿತ್ತು ಅವಳಿಗೆ.

ಒಂದು ಮಧ್ಯಾಹ್ನ ಅವಳು ಬೇಕೆಂದೇ ಪಲ್ಯಕ್ಕೆ ಉಪ್ಪು ಹಾಕಲಿಲ್ಲ. ಅವನು ರೊಟ್ಟಿ ಮುರಿದುಕೊಂಡು ಸುಮ್ಮನೆ ಉಂಡ.

"ಉಪ್ಪಿಲ್ಲ ಅಂತ ಒಂದ್ಸಲಾರ ಒದರ್ರಿ," ಎಂದಳು.

ಅವನು ತುತ್ತು ನುಂಗಿ, "ಉಪ್ಪಿಲ್ಲ!" ಎಂದು ಗೋಡೆ ನಡುಗುವಂತೆ ಒದರಿದ. ಆಮೇಲೆ ಅವಳ ಮುಖ ನೋಡಿ ಮೆಲ್ಲಗೆ, "ಇಷ್ಟ ಸಾಕೇನು? ಇನ್ನೂ ಜೋರ ಒದರ್ಲೇನು?" ಎಂದು ಕೇಳಿದ.

"ಸಾಕ್ರಿ," ಎಂದು ಅವಳು ಅವನ ತಟ್ಟೆಗೆ ಉಪ್ಪು ಬಡಿಸಿದಳು.