ತೇಲಿದ ರಕ್ತದ ಹನಿ

ಬಸುರಿ ಸೊಸೆ ಅಶ್ವತ್ಥಮ್ಮನ ಬೆರಳಿನಿಂದ ತೆಗೆದ ರಕ್ತದ ಹನಿ ನೀಲಿ ನೀರಿನೊಳಗೆ ಒಂದಿಷ್ಟು ಇಳಿದು, ಮತ್ತೆ ಮೇಲೆದ್ದು ತೇಲಿತು. ಗಂಗುಲಮ್ಮ ಗಾಜಿನ ಸೀಸೆಯನ್ನೇ ದಿಟ್ಟಿಸಿದರು. ೧೯೬೨ರ ಆ ಬೆಳಿಗ್ಗೆ ಸಾದಲಿ ಊರಿನ ಶಾಲೆಯಲ್ಲಿ ರಕ್ತ ಪರೀಕ್ಷೆಗೆ ಸೇರಿದ್ದ ಹೆಂಗಸರ ಭಯ ಹೋಗಲೆಂದು ಅವರೇ ಮೊದಲು ಬೆರಳು ಚುಚ್ಚಿಸಿಕೊಂಡಿದ್ದರು. ಅವರ ಹನಿ ನೇರ ತಳ ಸೇರಿತ್ತು.

"ಇದು ಮೈಲುತುತ್ತದ ನೀರಮ್ಮ," ಎಂದರು ಊರಿಗೆ ಬಂದಿದ್ದ ಡಾಕ್ಟರಮ್ಮ. "ಸತ್ವ ಇರೋ ರಕ್ತ ಮುಳುಗುತ್ತೆ, ತೆಳ್ಳಗಿದ್ರೆ ತೇಲುತ್ತೆ. ನಿಮ್ಮ ಸೊಸೆಗೆ ಸರಿಯಾದ ಊಟ ಸಿಗ್ತಿಲ್ಲ."

"ಊಟ ಸಿಗ್ತಿಲ್ವಾ? ನಮ್ಮನೇಲಿ ಕಣಜದ ತುಂಬಾ ರಾಗಿ ಐತೆ!" ಎಂದ ಗಂಗುಲಮ್ಮನಿಗೆ ಮನೆಯ ಊಟದ ಹೊತ್ತು ನೆನಪಾಯಿತು. ಗಂಡಸರು, ಮಕ್ಕಳು, ಆಳುಗಳು ಎಲ್ಲರೂ ಉಂಡೆದ್ದ ಮೇಲೆ ಅಶ್ವತ್ಥಮ್ಮ ಉಳಿದ ಮುದ್ದೆಗೆ ಬರೀ ಖಾರ ನೆಂಚಿಕೊಳ್ಳುತ್ತಿದ್ದುದು ಅವರ ಕಣ್ಣೆದುರೇ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಅವಳು ಕುಸಿದು ಕೂತಾಗ ಸೋಮಾರಿ ಎಂದು ಬೈದವರೂ ಅವರೇ.

ಹೆಂಗಸರೆಲ್ಲ ನೋಡುತ್ತಿದ್ದರು. ಗಂಗುಲಮ್ಮ ಸೊಸೆಯ ಕೈ ಹಿಡಿದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ಇವಳು ಸೋಮಾರಿ ಅಲ್ಲ ಕಣ್ರೇ. ನಾನೇ ಇವಳ ಹೊಟ್ಟೆ ನೋಡ್ಲಿಲ್ಲ." ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದರು. "ಏನೇನು ಕೊಡ್ಬೇಕು ಹೇಳಮ್ಮ."

"ಸೊಪ್ಪು, ಕಾಳು, ಮೊಟ್ಟೆ. ಜೊತೆಗೆ ಈ ಕಬ್ಬಿಣದ ಮಾತ್ರೆ."

"ಆಗ್ಲಿ. ಇವತ್ತಿಂದ ನಮ್ಮನೇಲಿ ಗಂಡಸ್ರಿಗೂ ಮುಂಚೆ ಇವಳಿಗೆ ಬಡಿಸ್ತೀನಿ."

ಅಶ್ವತ್ಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ಹೊತ್ತೂ ಬಾಗಿಲ ಬಳಿಯೇ ಹಿಂಜರಿದು ನಿಂತಿದ್ದ ಇನ್ನೊಬ್ಬ ಅತ್ತೆ, ತಮ್ಮ ಸೊಸೆಯನ್ನು ಮೆಲ್ಲಗೆ ಮುಂದಕ್ಕೆ ಕರೆತಂದರು.